‘ನಾವು ಕೈಹಾಕುವುದಿಲ್ಲ’ ಎಂದರೆ ‘ಸರಿ’ ಎಂದಲ್ಲ

ಸರ್ವೋಚ್ಚ ನ್ಯಾಯಾಲಯ ಒಂದು ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳದೆ ವಾಪಸು ಕಳಿಸಿದರೆ ಮಾರನೆಯ ದಿನ ಊರಿನಲ್ಲಿ ಹಬ್ಬುವ ಮಾತು ಒಂದೇ: ‘ಸುಪ್ರೀಂ ಕೋರ್ಟೇ ಸರಿ ಅಂದುಬಿಟ್ಟಿತಂತೆ.’ ಅರಸೀಕೆರೆಯ ಬಸ್ ನಿಲ್ದಾಣದಲ್ಲೂ ಇದೇ ಮಾತು, ಹಳೇಬೀಡಿನ ಹೋಟೆಲುಗಳಲ್ಲೂ ಇದೇ ಮಾತು. 2023ರ ಮಾರ್ಚಿಯಲ್ಲಿ ಈ ಮಾತು ಶಾಲೆಯ ಅಂಗಳಕ್ಕೂ ಬಂತು. ಐದನೆಯ ಮತ್ತು ಎಂಟನೆಯ ತರಗತಿಯ ಮಕ್ಕಳಿಗೆ ಮಂಡಲಿ ಮಟ್ಟದ ಪರೀಕ್ಷೆ ನಡೆಸಲು ಹೈಕೋರ್ಟು ಕೊಟ್ಟಿದ್ದ ಅವಕಾಶವನ್ನು ಪ್ರಶ್ನಿಸಿ ದೆಹಲಿಗೆ ಹೋದವರ ಅರ್ಜಿಯಲ್ಲಿ ಮಧ್ಯೆ ಪ್ರವೇಶಿಸಲು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಪರೀಕ್ಷೆ ನಡೆಯಿತು.

ವರ್ಷ ತಿರುಗಿತು. 2024ರ ಏಪ್ರಿಲ್ 8ರಂದು ಅದೇ ಸರ್ವೋಚ್ಚ ನ್ಯಾಯಾಲಯ ಅದೇ ಬಗೆಯ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಕೂಡದೆಂದು ತಡೆ ಹಾಕಿತು. ಆಗ ಪೋಷಕರು ನಮ್ಮಂಥ ಮೇಷ್ಟರುಗಳನ್ನು ನಿಲ್ಲಿಸಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ‘ಹೋದ ವರ್ಷ ಸರಿ ಅಂದೋರು ಈ ವರ್ಷ ತಪ್ಪು ಅಂತಾರಲ್ಲ, ಇದೇನ್ ಸಾರ್ ಇದು?’

ಹೋದ ವರ್ಷ ಅವರು ‘ಸರಿ’ ಎಂದಿರಲೇ ಇಲ್ಲ. ‘ನಾವು ಕೈಹಾಕುವುದಿಲ್ಲ’ ಎಂದಿದ್ದರು, ಅಷ್ಟೆ. ಈ ಎರಡು ಮಾತುಗಳ ನಡುವಿನ ಅಂತರ ಗೊತ್ತಿಲ್ಲದೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಎರಡು ಮಾರ್ಚಿಗಳನ್ನು ಗಾಬರಿಯಲ್ಲಿ ಕಳೆದರು. ನಾನು ಪಾಠ ಹೇಳುವುದು ವಿಜ್ಞಾನ, ಕಾನೂನು ಓದಿದವನಲ್ಲ. ಆದರೆ ಈ ಅಂತರವನ್ನು ತಿಳಿಯಲು ಕಪ್ಪು ಕೋಟು ಬೇಕಾಗಿಲ್ಲ.

ನಡೆದದ್ದು ಏನು?

ಮೊದಲು ಘಟನೆಗಳನ್ನು ಸಾಲಾಗಿ ನೋಡೋಣ. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಐದು ಮತ್ತು ಎಂಟನೆಯ ತರಗತಿಗಳ ವಾರ್ಷಿಕ ಮೌಲ್ಯಾಂಕನವನ್ನು ಆಯಾ ಶಾಲೆಗೆ ಬಿಡದೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಮೂಲಕ ನಡೆಸಬೇಕಾಗಿತ್ತು. ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. ಕಾಯ್ದೆ ಹೇಳುವ ಕ್ರಮದಲ್ಲಿ ನಿಯಮ ರೂಪಿಸದೆ ಬರಿಯ ಸುತ್ತೋಲೆಯಿಂದ ಇಂಥ ಬದಲಾವಣೆ ತರಬಹುದೇ ಎಂಬುದು ಅಲ್ಲಿ ಎದ್ದ ಮುಖ್ಯ ಪ್ರಶ್ನೆ.

2023ರ ಮಾರ್ಚ್ 10, ಶುಕ್ರವಾರ. ಏಕಸದಸ್ಯ ಪೀಠ ಆ ಸುತ್ತೋಲೆಗಳನ್ನು ರದ್ದು ಮಾಡಿತು. ಪರೀಕ್ಷೆ ಇದ್ದದ್ದು ಸೋಮವಾರ! ಸರ್ಕಾರ ಮೇಲ್ಮನವಿ ಹೋಯಿತು. ಮಾರ್ಚ್ 15ರಂದು ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಪರೀಕ್ಷೆ ನಡೆಸಲು ಮಧ್ಯಂತರ ಅವಕಾಶ ಕೊಟ್ಟಿತು. ಯಾವ ಮಗುವನ್ನೂ ಅನುತ್ತೀರ್ಣಗೊಳಿಸಿ ಅದೇ ತರಗತಿಯಲ್ಲಿ ಉಳಿಸಬಾರದೆಂಬ ಕಟ್ಟಳೆಯನ್ನೂ ಹಾಕಿತು. ಹೊಸ ದಿನಾಂಕ ಮಾರ್ಚ್ 27. ಶಾಲೆಗಳ ಸಂಘಟನೆಗಳು ದೆಹಲಿಯ ಬಾಗಿಲು ತಟ್ಟಿದವು. ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ನೇತೃತ್ವದ ಪೀಠ, ರಾಜ್ಯಕ್ಕೆ ಯಾವುದು ಹಿತವೆಂಬುದು ಅಲ್ಲಿಯ ಹೈಕೋರ್ಟಿಗೇ ಚೆನ್ನಾಗಿ ಗೊತ್ತು ಎಂಬರ್ಥದ ಮಾತು ಹೇಳಿ ಅರ್ಜಿಯನ್ನು ಕೈಬಿಟ್ಟಿತು.

ಇಲ್ಲಿ ಒಂದು ಪದವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಳ್ಳಬೇಕು. ‘ಮಧ್ಯಂತರ’. ಹೈಕೋರ್ಟಿನಲ್ಲೇ ಆ ಮೊಕದ್ದಮೆ ಇನ್ನೂ ಮುಗಿದಿರಲಿಲ್ಲ. ಅಂಥ ನಡುಹಾದಿಯ ಆದೇಶದಲ್ಲಿ ಕೈಹಾಕಲು ಸರ್ವೋಚ್ಚ ನ್ಯಾಯಾಲಯ ಸಾಮಾನ್ಯವಾಗಿ ಹಿಂಜರಿಯುತ್ತದೆ. ಐದನೆಯ ತರಗತಿಯ ಮಗುವಿಗೆ ಮಂಡಲಿ ಪರೀಕ್ಷೆ ಇಡಬಹುದೇ ಎಂಬ ಮೂಲಪ್ರಶ್ನೆಗೆ ಅಲ್ಲಿ ಉತ್ತರವೇ ಬರೆದಿರಲಿಲ್ಲ.

ಮುಂದಿನ ವರ್ಷದ ಕಥೆ ಇದಕ್ಕಿಂತ ಗೋಜಲು. ಈ ಸಲ ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಸರ್ಕಾರದ ಅಧಿಸೂಚನೆಗಳನ್ನು ರದ್ದು ಮಾಡಿತು. ಮಾರನೆಯ ದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. ಮಾರ್ಚ್ 11ರಂದು ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ಪರೀಕ್ಷೆ ಶುರುವಾಯಿತು. 12ರಂದು ಸರ್ವೋಚ್ಚ ನ್ಯಾಯಾಲಯ ವಿಭಾಗೀಯ ಪೀಠದ ಆ ಮಧ್ಯಂತರ ಆದೇಶವನ್ನು ಬದಿಗೊತ್ತಿ, ಮೊಕದ್ದಮೆಯನ್ನು ಬೇಗ ತೀರ್ಮಾನಿಸಿರೆಂದು ಹೈಕೋರ್ಟಿಗೆ ತಿಳಿಸಿತು. ಉಳಿದ ಪತ್ರಿಕೆಗಳು ನಡುವೆಯೇ ನಿಂತವು. 22ರಂದು ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪಿತ್ತಿತು. 25ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ.

ಹತ್ತು ವರ್ಷದ ಕೂಸಿನ ಕಣ್ಣಿನಿಂದ ಈ ದಿನಾಂಕಗಳನ್ನು ಮತ್ತೊಮ್ಮೆ ಓದಿ. ನಾಳೆ ಪರೀಕ್ಷೆ ಇದೆ, ನಾಳೆ ಪರೀಕ್ಷೆ ಇಲ್ಲ, ಆಚೆ ಸೋಮವಾರ ಇದೆ. ಹಳ್ಳಿಗಳಿಂದ ಬರುವ ಮಕ್ಕಳ ತಾಯಂದಿರು ಬೆಳಗಿನ ಕೆಲಸ ಬಿಟ್ಟು ಶಾಲೆಯ ಗೇಟಿನ ಹತ್ತಿರ ನಿಂತು ವಿಚಾರಿಸಿಕೊಂಡು ಹೋಗುತ್ತಿದ್ದರು. ಮೇಷ್ಟರಿಗೂ ಗೊತ್ತಿರಲಿಲ್ಲ. ಟಿ.ವಿ.ಯಲ್ಲಿ ಓಡುವ ಅಕ್ಷರಗಳನ್ನು ನೋಡಿಯೇ ನಾವೂ ಹೇಳಬೇಕಾಗಿತ್ತು. ಪರೀಕ್ಷೆ ಬೇಕೆನ್ನುವವರ ಪಕ್ಷದವನು ನಾನು. ಬರೆಯದೆ ಕಲಿತದ್ದು ನಿಲ್ಲುವುದಿಲ್ಲ. ಆದರೂ ಐದನೆಯ ತರಗತಿಯ ಕೂಸಿಗೆ ಮಂಡಲಿಯ ಹೆಸರು ಹೇಳಿ ಹೆದರಿಸುವ ಅಗತ್ಯ ನನಗೆ ಕಂಡಿಲ್ಲ. ಇರಲಿ, ಅದು ಬೇರೆ ಚರ್ಚೆ.

ಏಣಿಯ ಮೆಟ್ಟಿಲುಗಳು

ಮೇಲಿನ ನ್ಯಾಯಾಲಯ ‘ನೋಡುವುದಿಲ್ಲ’ ಎನ್ನುವುದು ದೆಹಲಿಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ನಮ್ಮ ತಾಲ್ಲೂಕುಗಳ ವ್ಯಾಜ್ಯಗಳಲ್ಲೂ ನಡೆಯುತ್ತದೆ. ಹಳೇಬೀಡು ಬೇಲೂರು ತಾಲ್ಲೂಕಿನ ಹೋಬಳಿ. ಅಲ್ಲಿಯವರು ಕೋರ್ಟಿಗೆ ಬೇಲೂರಿಗೆ ಹೋಗಬೇಕು. ಅರಸೀಕೆರೆಯವರಿಗೆ ಊರಲ್ಲೇ ಕೋರ್ಟಿದೆ. ಅದರ ಮೇಲೆ ಹಾಸನದ ಜಿಲ್ಲಾ ನ್ಯಾಯಾಲಯ, ಅದರ ಮೇಲೆ ಬೆಂಗಳೂರಿನ ಹೈಕೋರ್ಟು, ತುದಿಯಲ್ಲಿ ದೆಹಲಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅರಸೀಕೆರೆ ಸೀಮೆಯ ಇಬ್ಬರು ದಾಯಾದಿಗಳು. ನಡುವಿನ ಬದುವಿನ ಮೇಲೆ ಎಂಟು ತೆಂಗಿನ ಮರ. ಮರ ಯಾರವು? ಮೊದಲ ನ್ಯಾಯಾಲಯದಲ್ಲಿ ಸಾಕ್ಷಿಗಳು ಬರುತ್ತಾರೆ, ಕೋರ್ಟ್ ಕಮಿಷನರು ಸ್ಥಳಕ್ಕೆ ಬಂದು ಸರ್ವೆ ನೋಡುತ್ತಾರೆ, ಪಹಣಿ, ಪಾಲುಪಟ್ಟಿ ಎಲ್ಲ ಮೇಜಿನ ಮೇಲೆ ಬೀಳುತ್ತವೆ. ಅಣ್ಣ ಗೆದ್ದ. ತಮ್ಮ ಮೇಲ್ಮನವಿ ಹೋದ. ಈ ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡಲು ಅವಕಾಶವಿದೆ. ಅಲ್ಲೂ ಅಣ್ಣನೇ ಗೆದ್ದ. ತಮ್ಮ ಬಿಡಲಿಲ್ಲ, ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ದ್ವಿತೀಯ ಮೇಲ್ಮನವಿ ಹಾಕಿದ.

ಇಲ್ಲಿ ಬಾಗಿಲು ಕಿರಿದಾಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೆಯ ಕಲಮಿಗೆ 1976ರಲ್ಲಿ ತಿದ್ದುಪಡಿಯಾಯಿತು. ಅಂದಿನಿಂದ, ಕಾನೂನಿನ ಗಣನೀಯ ಪ್ರಶ್ನೆಯೊಂದು ಇದ್ದರೆ ಮಾತ್ರ ಹೈಕೋರ್ಟು ದ್ವಿತೀಯ ಮೇಲ್ಮನವಿಯನ್ನು ಅಂಗೀಕರಿಸಬಹುದು. ಮರ ಯಾರು ನೆಟ್ಟರು, ಬದು ಎಲ್ಲಿತ್ತು ಎಂಬುದು ಸಂಗತಿಯ ಪ್ರಶ್ನೆ, ಕಾನೂನಿನ ಪ್ರಶ್ನೆಯಲ್ಲ. ಎರಡು ನ್ಯಾಯಾಲಯ ಎಣಿಸಿದ ಮರವನ್ನು ಮೂರನೆಯ ಸಲ ಎಣಿಸುವುದು ಹೈಕೋರ್ಟಿನ ಕೆಲಸವಲ್ಲ. ಅಂಗೀಕಾರದ ಹಂತದಲ್ಲೇ ಮೇಲ್ಮನವಿ ವಜಾ ಆಯಿತು.

ಊರಿಗೆ ಬಂದ ಮೇಲೆ ಅಣ್ಣನ ಕಡೆಯವರು ‘ಹೈಕೋರ್ಟು ಅಳೆದು ನೋಡಿ ಎಂಟೂ ಮರ ನಮಗೇ ಕೊಟ್ಟಿತು’ ಎನ್ನುತ್ತಾರೆ. ಹೈಕೋರ್ಟು ಅಳೆಯಲೇ ಇಲ್ಲ. ‘ಇದರಲ್ಲಿ ನಾವು ತೀರ್ಮಾನಿಸಬೇಕಾದ ಕಾನೂನಿನ ಪ್ರಶ್ನೆ ಇಲ್ಲ’ ಎಂದಿತು. ಕೆಳಗಿನ ತೀರ್ಪು ಉಳಿಯಿತು, ತೆಂಗಿನಕಾಯಿ ಅಣ್ಣನ ಮನೆಗೆ ಹೋಯಿತು. ಆ ಮಟ್ಟಿಗೆ ಅಣ್ಣನ ಕಡೆಯವರು ಹೇಳಿದ್ದರಲ್ಲಿ ತಪ್ಪಿಲ್ಲ.

ಅನುಮತಿ ಎಂಬ ಹೊಸ್ತಿಲು

ದೆಹಲಿಯ ಬಾಗಿಲು ಇದಕ್ಕಿಂತಲೂ ಬೇರೆ. ಸಂವಿಧಾನದ 136ನೆಯ ವಿಧಿಯ ಪ್ರಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವವನು ಮೊದಲು ಮೇಲ್ಮನವಿ ಹಾಕುವುದಿಲ್ಲ. ಮೇಲ್ಮನವಿ ಹಾಕಲು ಅನುಮತಿ ಕೊಡಿ ಎಂದು ಬೇಡುತ್ತಾನೆ. ಇದಕ್ಕೇ ವಿಶೇಷ ಅನುಮತಿ ಅರ್ಜಿ ಎನ್ನುವುದು. ಹೈಕೋರ್ಟಿನ ತೀರ್ಪು ಬಂದ 90 ದಿನಗಳಲ್ಲಿ ಇದನ್ನು ಹಾಕಬೇಕು. ಅನುಮತಿ ಕೊಡುವುದೂ ಬಿಡುವುದೂ ನ್ಯಾಯಾಲಯದ ವಿವೇಚನೆ. ಅದು ಯಾರ ಹಕ್ಕೂ ಅಲ್ಲ.

ಅಂದರೆ ಅಲ್ಲಿ ಎರಡು ಘಟ್ಟಗಳಿವೆ. ಒಂದು ಹೊಸ್ತಿಲು, ಇನ್ನೊಂದು ನಡುಮನೆ. ಹೊಸ್ತಿಲಲ್ಲೇ ‘ಬೇಡ’ ಎನ್ನಲು ಹಲವು ಕಾರಣಗಳಿರಬಹುದು: ಅರ್ಜಿ ತಡವಾಗಿರಬಹುದು, ಆದೇಶ ಮಧ್ಯಂತರದ್ದಾಗಿರಬಹುದು, ಬೇರೆ ಕಡೆ ಪರಿಹಾರ ಸಿಗುವಂತಿರಬಹುದು, ಅಥವಾ ದೇಶದ ಅತ್ಯುನ್ನತ ನ್ಯಾಯಾಲಯ ಕುಳಿತು ಬಗೆಹರಿಸುವಷ್ಟು ದೊಡ್ಡ ಪ್ರಶ್ನೆ ಅದರಲ್ಲಿ ಇಲ್ಲದಿರಬಹುದು. ಕೆಳಗಿನ ತೀರ್ಪು ಸರಿಯಾಗಿದೆ ಎಂಬುದೂ ಒಂದು ಕಾರಣವಾಗಿರಬಹುದು. ಒಂದೆರಡು ಸಾಲಿನ ಆದೇಶದಿಂದ ಇದರಲ್ಲಿ ಯಾವುದು ನಿಜವಾದ ಕಾರಣ ಎಂದು ಹೊರಗೆ ನಿಂತವರು ಹೇಳುವಂತಿಲ್ಲ.

ವಿದ್ಯಾರ್ಥಿಗಳಿಗೆ ಗೊತ್ತಿರುವ ಉದಾಹರಣೆಯಿಂದ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂತೆಂದು ಒಬ್ಬ ಹುಡುಗ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತಾನೆ. ಕೊನೆಯ ದಿನಾಂಕ ಮುಗಿದಿದೆ ಎಂದು ಅರ್ಜಿ ತಿರಸ್ಕೃತವಾಗುತ್ತದೆ. ಅವನ ಅಂಕ ಹಿಂದಿದ್ದಷ್ಟೇ ಉಳಿಯಿತು. ಹಾಗೆಂದು ಎರಡನೆಯ ಪರೀಕ್ಷಕರು ಅವನ ಉತ್ತರ ಪತ್ರಿಕೆಯನ್ನು ಓದಿ ಅಷ್ಟೇ ಅಂಕ ಕೊಟ್ಟರು ಎಂದು ಹೇಳಬಹುದೇ? ಪತ್ರಿಕೆಯ ಕಟ್ಟು ಬಿಚ್ಚಲೇ ಇಲ್ಲವಲ್ಲ! ಪ್ರಯೋಗಾಲಯದಲ್ಲಿ ನಾನು ಮಕ್ಕಳಿಗೆ ಹೇಳುವುದೂ ಇದನ್ನೇ: ಉಷ್ಣಮಾಪಕ ಸೊನ್ನೆ ತೋರಿಸುವುದು ಬೇರೆ, ಉಷ್ಣಮಾಪಕವನ್ನು ಪೆಟ್ಟಿಗೆಯಿಂದ ತೆಗೆಯದೇ ಇರುವುದು ಬೇರೆ. ಎರಡನೆಯದರ ಮುಂದೆ ಸೊನ್ನೆ ಬರೆದರೆ ದಾಖಲೆ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ.

ಇದು ಮೇಷ್ಟರ ಹೋಲಿಕೆ ಮಾತ್ರವಲ್ಲ. ಸರ್ವೋಚ್ಚ ನ್ಯಾಯಾಲಯವೇ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. 2000ದ ಜುಲೈನಲ್ಲಿ ಕೇರಳದ ಅರಣ್ಯ ಜಮೀನಿಗೆ ಸಂಬಂಧಿಸಿದ ಕುಂಞಮ್ಮದ್ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಅನುಮತಿ ನಿರಾಕರಿಸಿದ ಮಾತ್ರಕ್ಕೆ ಹೈಕೋರ್ಟಿನ ತೀರ್ಪು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ವಿಲೀನವಾಗುವುದಿಲ್ಲ ಎಂದಿತು. ಅನುಮತಿ ಕೊಟ್ಟು, ಮೇಲ್ಮನವಿಯನ್ನು ಕೇಳಿ, ಆಮೇಲೆ ವಜಾ ಮಾಡಿದರೆ ವಿಲೀನವಾಗುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ಮೇಲಿನ ತೀರ್ಪೇ. ಹೊಸ್ತಿಲಲ್ಲೇ ಕಳಿಸಿದರೆ ಕೆಳಗಿನ ತೀರ್ಪು ಕೆಳಗಿನದಾಗಿಯೇ ಉಳಿಯುತ್ತದೆ. ಹೊಸ್ತಿಲಲ್ಲಿ ಕಳಿಸುವಾಗಲೇ ಕಾರಣ ವಿವರಿಸಿ ಕಾನೂನಿನ ಅರ್ಥ ಹೇಳಿದರೆ ಮಾತ್ರ ಆ ಹೇಳಿಕೆಗೆ ಬೆಲೆಯುಂಟು. 141ನೆಯ ವಿಧಿಯ ಪ್ರಕಾರ ಸರ್ವೋಚ್ಚ ನ್ಯಾಯಾಲಯ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ. ಸಾರದೇ ಬಿಟ್ಟದ್ದು ಕಟ್ಟಿಹಾಕುವುದಿಲ್ಲ.

ಈ ತತ್ವ ಗಟ್ಟಿಯಾದದ್ದು ನಮ್ಮ ರಾಜ್ಯದ ಸಕ್ಕರೆ ಕಾರ್ಖಾನೆಯೊಂದರ ಮೊಕದ್ದಮೆಯಲ್ಲಿ ಎಂಬುದು ಹಲವರಿಗೆ ತಿಳಿಯದು. ಖೋಡೆ ಡಿಸ್ಟಿಲರೀಸ್ ಮತ್ತು ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ನಡುವಣ ವ್ಯಾಜ್ಯ ಅದು. ವಿಶೇಷ ಅನುಮತಿ ಅರ್ಜಿ ವಜಾ ಆದ ಮೇಲೆ ಸೋತವರು ಹೈಕೋರ್ಟಿಗೇ ಹಿಂತಿರುಗಿ, ‘ನಿಮ್ಮ ತೀರ್ಪನ್ನು ನೀವೇ ಪುನರ್ ಪರಿಶೀಲಿಸಿ’ ಎಂದು ಕೇಳಬಹುದೇ? 2019ರ ಮಾರ್ಚ್ 1ರಂದು ನ್ಯಾಯಮೂರ್ತಿಗಳಾದ ಎ. ಕೆ. ಸಿಕ್ರಿ, ಕರ್ನಾಟಕದವರೇ ಆದ ಎಸ್. ಅಬ್ದುಲ್ ನಜೀರ್ ಮತ್ತು ಎಂ. ಆರ್. ಶಾ ಅವರ ಪೀಠ ‘ಕೇಳಬಹುದು’ ಎಂದಿತು. ಕಾರಣ ಸರಳ: ಮೇಲಿನವರು ತೀರ್ಪು ಕೊಟ್ಟೇ ಇಲ್ಲ, ಹಾಗಾಗಿ ಕೆಳಗಿನವರ ಕೈ ಕಟ್ಟಿಲ್ಲ. ಕುಂಞಮ್ಮದ್ ಮೊಕದ್ದಮೆಯ ತತ್ವವನ್ನೇ ಅವರು ಮತ್ತೆ ಹೇಳಿದರು.

‘ಸೋತವನಿಗೆ ಎರಡೂ ಒಂದೇ ಅಲ್ಲವೇ?’ ಎಂದು ಒಬ್ಬ ಪೋಷಕರು ಕೇಳಿದರು. ಬಹುಮಟ್ಟಿಗೆ ಹೌದು. ಅವನ ಪಾಲಿಗೆ ಕೆಳಗಿನ ತೀರ್ಪೇ ಗತಿ. ಆದರೆ ಅದೇ ಪ್ರಶ್ನೆಯನ್ನು ಹೊತ್ತ ಉಳಿದ ಸಾವಿರಾರು ಜನರಿಗೆ ಒಂದೇ ಅಲ್ಲ. ಅವರ ಬಾಗಿಲು ಇನ್ನೂ ತೆರೆದಿದೆ. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಜವಾಗಿಯೂ ‘ಮಂಡಲಿ ಪರೀಕ್ಷೆ ಸರಿ’ ಎಂದು ತೀರ್ಪು ಬರೆದಿದ್ದರೆ 2024ರ ತಡೆ ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ.

ಕೇಳಿ ತೀರ್ಮಾನಿಸಿದ ಬಗೆ

ಹೋಲಿಸಿ ನೋಡಲು ನಮ್ಮ ಶಾಲೆಗಳದೇ ಇನ್ನೊಂದು ಮೊಕದ್ದಮೆಯಿದೆ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಕಲಿಕೆ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಇರಬೇಕೆಂದು 1994ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತ್ತು. ಅನುದಾನರಹಿತ ಖಾಸಗಿ ಶಾಲೆಗಳ ಮೇಲೆ ಇದನ್ನು ಹೇರುವಂತಿಲ್ಲವೆಂದು 2008ರ ಜುಲೈನಲ್ಲಿ ಹೈಕೋರ್ಟಿನ ಪೂರ್ಣಪೀಠ ಹೇಳಿತು. ಸರ್ಕಾರ ದೆಹಲಿಗೆ ಹೋಯಿತು. ಅಲ್ಲಿ ಹೊಸ್ತಿಲಲ್ಲಿ ತಡೆಯಲಿಲ್ಲ. ವಿಚಾರ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಯಿತು. ಎರಡೂ ಕಡೆಯ ವಾದ ಕೇಳಿ, 2014ರ ಮೇ 6ರಂದು, ಮಗುವಿನ ಕಲಿಕೆಯ ಭಾಷೆಯನ್ನು ಆರಿಸುವ ಸ್ವಾತಂತ್ರ್ಯ ಪೋಷಕರದು ಎಂದು ಪೀಠ ಕಾರಣ ಸಹಿತ ಬರೆಯಿತು. ಹೈಕೋರ್ಟಿನ ತೀರ್ಪನ್ನು ‘ಎತ್ತಿಹಿಡಿಯುವುದು’ ಎಂದರೆ ಇದು. ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿಯೇ ತಲೆ ನರೆತ ನನಗೆ ಆ ತೀರ್ಪಿನಿಂದ ನೋವಾಯಿತು. ಆದರೂ ಅದು ತೀರ್ಪು. ಅದು ಕರ್ನಾಟಕಕ್ಕೆ ಮಾತ್ರವಲ್ಲ, ಇಡೀ ದೇಶಕ್ಕೆ ಅನ್ವಯಿಸುತ್ತದೆ.

ಅಮೆರಿಕದಲ್ಲೂ ಇದೇ ರೀತಿ ಬಾಗಿಲು ಕಾಯುವ ಕ್ರಮವಿದೆ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಪ್ಪಿದರೆ ಮಾತ್ರ ಕೆಳಗಿನ ತೀರ್ಪಿನ ಪರಿಶೀಲನೆ. ವರ್ಷಕ್ಕೆ ಬರುವ ಸಾವಿರಾರು ಅರ್ಜಿಗಳಲ್ಲಿ ಅವರು ವಾದ ಕೇಳುವುದು ನೂರಕ್ಕಿಂತ ಕಡಿಮೆ. ನಿರಾಕರಣೆಗೆ ಒಪ್ಪಿಗೆಯ ಅರ್ಥ ಹಚ್ಚಬಾರದೆಂದು ಅಲ್ಲಿಯ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ 1950ರಲ್ಲೇ ಬರೆದಿಟ್ಟರು. ಅಲ್ಲಿಯ ಪತ್ರಿಕೆಗಳು ಓದುಗರಿಗೆ ಇದನ್ನು ಇಂದಿಗೂ ನೆನಪಿಸುತ್ತಲೇ ಇರಬೇಕಾಗಿದೆ. ಅಂದಮೇಲೆ ಹಳೇಬೀಡಿನವರನ್ನು ದೂರಿ ಫಲವೇನು?

ಸುದ್ದಿ ಓದುವಾಗ

ತಲೆಬರಹಗಳಲ್ಲಿ ನಾಲ್ಕು ಪದಗಳು ಪದೇ ಪದೇ ಬರುತ್ತವೆ. ‘ರದ್ದು’ ಎಂದರೆ ಆ ಆದೇಶ ಹೋಯಿತು. ‘ಎತ್ತಿಹಿಡಿದ’ ಎಂದರೆ ಕೇಳಿ, ಒಪ್ಪಿ, ಬರೆದರು. ‘ನಕಾರ’ ಅಥವಾ ‘ವಜಾ’ ಎಂದಿದ್ದರೆ ಮುಂದಿನ ಸಾಲುಗಳನ್ನು ಓದಲೇಬೇಕು: ಹೊಸ್ತಿಲಲ್ಲಿ ವಜಾ ಆಯಿತೋ, ವಿಚಾರಣೆ ಮುಗಿದ ಮೇಲೋ? ‘ತಡೆ’ ಎಂದರೆ ಸದ್ಯಕ್ಕೆ ನಿಲ್ಲಿಸಿದ್ದಾರೆ. 2024ರ ಏಪ್ರಿಲ್ 8ರದೂ ತಡೆಯೇ. ‘ಮಂಡಲಿ ಪರೀಕ್ಷೆ ತಪ್ಪೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು’ ಎಂದು ಅಂದು ಸಂಭ್ರಮಿಸಿದವರು, 2023ರಲ್ಲಿ ‘ಸರಿ ಎಂದಿತು’ ಎಂದು ಬೀಗಿದವರ ತಮ್ಮಂದಿರೇ. ಅದೇ ವರ್ಷ ಅಕ್ಟೋಬರಿನಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶಕ್ಕೂ ಸರ್ವೋಚ್ಚ ನ್ಯಾಯಾಲಯ ತಡೆ ಹಾಕಿತು. ಅದೂ ಮಧ್ಯಂತರವೇ.

ಇನ್ನೊಂದು ಸಂಗತಿ ಗಮನದಲ್ಲಿರಲಿ. ಈ ಮೊಕದ್ದಮೆಗಳ ಬೇರಿರುವುದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆಯಲ್ಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ 30ನೆಯ ಕಲಮು, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿಲ್ಲ ಎನ್ನುತ್ತದೆ. 2019ರಲ್ಲಿ ತಿದ್ದಿದ 16ನೆಯ ಕಲಮು ಐದು ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ನಿಯತ ಪರೀಕ್ಷೆ ಇರಲಿ ಎನ್ನುತ್ತದೆ. ಎರಡನ್ನೂ ಜೋಡಿಸಿ ಓದುವುದು ಹೇಗೆ ಎಂಬುದೇ ಜಗಳ. ಹತ್ತನೆಯ ತರಗತಿಯ ಮಕ್ಕಳು ಈ ಎರಡು ಕಲಮುಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು ವಾದಿಸಿ ನೋಡಬಹುದು. ಸಮಾಜ ವಿಜ್ಞಾನದ ಮೇಷ್ಟರು ಬೇಡವೆನ್ನಲಾರರು.

ಆದೇಶದ ಪ್ರತಿ ಈಗ ಯಾರಿಗೂ ಸಿಗುತ್ತದೆ. ಸರ್ವೋಚ್ಚ ನ್ಯಾಯಾಲಯದ ಆದೇಶಗಳನ್ನು ಅದರ ಜಾಲತಾಣದಲ್ಲೂ, ತಾಲ್ಲೂಕು ಕೋರ್ಟುಗಳವನ್ನು ಇ-ಕೋರ್ಟ್ಸ್ ತಾಣದಲ್ಲೂ ಕಾಸಿಲ್ಲದೆ ನೋಡಬಹುದು. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಉಂಟು. ಹೊಸ್ತಿಲಲ್ಲಿ ವಜಾ ಆದ ಆದೇಶ ಅರ್ಧ ಪುಟವನ್ನೂ ದಾಟುವುದಿಲ್ಲ. ಮೊಬೈಲಿನಲ್ಲಿ ತೆರೆದು ನೋಡಿ. ಕೆಲವೊಮ್ಮೆ ಕೊನೆಯಲ್ಲಿ ಒಂದು ಸಣ್ಣ ಸಾಲಿರುತ್ತದೆ: ಕಾನೂನಿನ ಪ್ರಶ್ನೆಯನ್ನು ಮುಕ್ತವಾಗಿ ಬಿಡಲಾಗಿದೆ ಎಂದು. ಆ ಸಾಲು ತಲೆಬರಹಕ್ಕೆ ಬರುವುದಿಲ್ಲ, ಟಿ.ವಿ.ಯಲ್ಲೂ ಓಡುವುದಿಲ್ಲ. ವಕೀಲರು ಮೊದಲು ಹುಡುಕುವುದು ಅದನ್ನೇ.